ಜೋಳ ಕೇಳಿದಾಕೆ

೧-೩-೮೮, ಮಂಗಳವಾರ

ಭಜನೆ ಮುಗಿಸಿ ಬಂದೆ. ತಾಳದ ದಾರ ಸವೆದಿತ್ತು, ಹೊಸದು ಪೋಣಿಸಿದೆ. ಗುರುವಾರ ಹೋಳಿ ಹುಣ್ಣಿಮೆ. ಸಿಂಧನೂರಿನ ಬಂಗಾಲಿ ಕ್ಯಾಂಪಿನವರು ನಮ್ಮ ಮಸ್ಕಿ ಮಂಡಳಿಯನ್ನು ಕರೆದಿದ್ದಾರೆ. ಅವರ ಕೀರ್ತನೆ ನಾವು ಕೇಳುವುದು, ನಮ್ಮ ತತ್ವಪದ ಅವರು ಕೇಳುವುದು. ದೇಶ ಒಡೆದ ಮೇಲೆ ಊರು ಬಿಟ್ಟು ಬಂದ ಜನ. ಸರ್ಕಾರ ಇಲ್ಲಿ ನೆಲ ಕೊಟ್ಟು ಹತ್ತಿರ ಇಪ್ಪತ್ತು ವರ್ಷ.

ಮೊದಲಾದರೆ ಇದನ್ನೆಲ್ಲ ಲಿಂಗಸುಗೂರಿಗೆ, ಕನಕಕ್ಕನಿಗೆ ಬರೆಯುತ್ತಿದ್ದೆ. ಅಕ್ಕ ಹೋಗಿ ವರ್ಷ ದಾಟಿತು. ನನ್ನ ಬಸ್ಸು ಮುಟ್ಟುವಷ್ಟರಲ್ಲಿ ಪಕ್ಕದ ಮನೆಯವರು ಬಾಯಿಗೆ ನೀರು ಬಿಟ್ಟಿದ್ದರು. ಇನ್‌ಲ್ಯಾಂಡ್ ಕಾಗದ ಐದು ಉಳಿದಿವೆ. ಬರೆಯುವ ಚಟ ಮಾತ್ರ...

೩-೩-೮೮, ಸಂಜೆ

ಹೋಗಿ ಬಂದೆವು. ಸುಡುಬಿಸಿಲು. ಮಣ್ಣಿನ ಮದ್ದಳೆ ಕೊರಳಿಗೆ ಹಾಕಿಕೊಂಡು ಕುಣಿಯುತ್ತಾರೆ. ಮಂಡಳಿಯ ಹಿರಿಯ ಗೋಪಣ್ಣನೂ ಕುಣಿದ — ಒಂದು ಕೈ ಮೇಲೆತ್ತಿ, ಇನ್ನೊಂದರಲ್ಲಿ ಧೋತರ ಹಿಡಿದುಕೊಂಡು.

ನಾನು ನೆರಳು ಹುಡುಕಿ ಒಂದು ಮನೆಯ ಪಡಸಾಲೆಯಲ್ಲಿ ಕೂತೆ. ಮಂಚದ ಮೇಲೆ ಒಬ್ಬಾಕೆ ಮಲಗಿದ್ದಳು. ನನ್ನಷ್ಟೇ ವಯಸ್ಸು, ಮೈ ಕೆಂಡ. ಮನೆಯವರೆಲ್ಲ ಕೀರ್ತನೆಗೆ. ನನ್ನ ಕೈ ಹಿಡಿದು "ಜೋಲ್... ಜೋಲ್" ಎಂದಳು.

"ಜೋಳ ಬೇಕೇನವ್ವಾ?"

ತಲೆಯಾಡಿಸಿದಳು. ಅನ್ನ ತಿಂದು ತಿಂದು ಬಾಯಿ ಕೆಟ್ಟಿರಬೇಕು. ಕಾಲುವೆ ಬಂದಮೇಲೆ ಇಲ್ಲಿ ಎಲ್ಲ ಭತ್ತವೇ. "ಯುಗಾದಿ ಆಗ್ಲಿ, ನಮ್ಮೂರ ಬಿಳಿಜೋಳ ತರ್ತೀನಿ" ಎಂದೆ. ಕೈ ಬಿಡಲಿಲ್ಲ. ಮತ್ತೆ ಮತ್ತೆ ಅದೇ ಮಾತು.

ಟೆಂಪೊ ಹಾರ್ನ್ ಹೊಡೆಯಿತು. ಗೋಪಣ್ಣ ಕೂಗಿದ, "ಗಿರಿಯಮ್ಮಾರ, ಬಂಗಾಲಿ ಆಗಿ ಇಲ್ಲೇ ಇರ್ತೀರೇನು?"

ಕೈ ಬಿಡಿಸಿಕೊಂಡು ಬಂದೆ. ಯಾರಾದರೂ ನನ್ನನ್ನು ಏನಾದರೂ ಕೇಳಿ ವರ್ಷವಾಗಿತ್ತು.

೫-೩-೮೮

ಎರಡು ಸೇರು ಜೋಳ ಹಸನು ಮಾಡಿದೆ. ಒಂದು ಕಲ್ಲೂ ಇರಬಾರದು.

೨೭-೩-೮೮, ಭಾನುವಾರ

ಒಬ್ಬಳೇ ಹೋಗಿದ್ದೆ. ಆಕೆಯ ಹೆಸರು ಕ್ಷೀರೋದಾ. ಜ್ವರ ಬಿಟ್ಟಿದೆ, ಎದ್ದು ಕೂತಿದ್ದಳು. ಸೊಸೆ ಶೆಫಾಲಿಗೆ ಸಂತೆಯ ಕನ್ನಡ ಬರುತ್ತದೆ. ಚೀಲ ಬಿಚ್ಚಿ ವಿಷಯ ಹೇಳಿದೆ. ಸೊಸೆ ಬಿದ್ದು ಬಿದ್ದು ನಕ್ಕಳು.

"ಅಮ್ಮಾರೀ, ನಮ್ಮ ಮಾತಿನಾಗ ಜೋಲ್ ಅಂದ್ರ ನೀರು. ನಮ್ಮತ್ತಿ ನೀರು ಕೇಳ್ಯಾಳ."

ಓಣಿಯವರೂ ಕೂಡಿ ನಕ್ಕರು. ನಾನೂ ನಕ್ಕೆ. ಆಮೇಲೆ ಆಗಲಿಲ್ಲ. ನೀರಿನ ಹೂಜಿ ಮಂಚದ ತಲೆದೆಸೆಗೇ ಇತ್ತು. ಅವತ್ತೂ ಇತ್ತು.

"ಅವತ್ತು ನೀವು ಎಷ್ಟೊತ್ತಿಗೆ ಬಂದ್ರವ್ವಾ ಮನಿಗೆ?"

"ದೀಪ ಹಚ್ಚೋ ಹೊತ್ತಿಗ್ರೀ."

ಒಂದು ಲೋಟ ಬಗ್ಗಿಸಿ ಕೊಟ್ಟೆ. ನೀರಡಿಕೆ ಇರಲಿಲ್ಲ ಆಕೆಗೆ. ನನ್ನ ಮುಖ ನೋಡಿಕೊಂಡು ಪೂರ್ತಿ ಕುಡಿದಳು.

೧೨-೬-೮೮

ಇದು ನಾಲ್ಕನೇ ಸಲ. ನನ್ನನ್ನು ಕಂಡ ಕೂಡಲೇ "ನೀರು" ಅನ್ನುತ್ತಾಳೆ. ಇಪ್ಪತ್ತು ವರ್ಷಕ್ಕೆ ಕಲಿತ ಒಂದೇ ಕನ್ನಡ. ನಾನು "ಜೋಲ್" ಎಂದು ಲೋಟ ಕೊಡುತ್ತೇನೆ. ಅಷ್ಟೇ ಮಾತು.

"ಇಬ್ಬರಿಗೂ ಬ್ಯಾರೆ ಮಾತೇ ಇಲ್ಲೇನ್ರೀ?" ಎಂದಳು ಶೆಫಾಲಿ.

ಇಲ್ಲ. ಅಕ್ಕನಿಗೆ ನಾಲ್ಕು ಪುಟ ಬರೆದರೂ ಸಾಲುತ್ತಿರಲಿಲ್ಲ.

ಬರುವಾಗ ಒಂದು ಇನ್‌ಲ್ಯಾಂಡ್ ಮೇಲೆ ನನ್ನ ವಿಳಾಸ ಬರೆದು ಸೊಸೆಗೆ ಕೊಟ್ಟೆ. "ಏನರೆ ಆದ್ರ ಹಾಕವ್ವಾ. ತಡಾ ಮಾಡಬ್ಯಾಡ."

೯-೮-೮೮, ಸಿಂಧನೂರು ಬಸ್‌ಸ್ಟ್ಯಾಂಡು, ಬೆಳಿಗ್ಗೆ ೯

ನಿನ್ನೆ ಸಂಜೆ ಇನ್‌ಲ್ಯಾಂಡ್ ಬಂತು. ಶೆಫಾಲಿಯ ಮಗಳ ಶಾಲೆ ಅಕ್ಷರ. ಅಜ್ಜಿ ಅನ್ನ ಬಿಟ್ಟಾಳ. ಯಾರು ನೀರು ಕೊಟ್ಟರೂ ಒಲ್ಲೆ ಅಂತಾಳ. ಬಾಗಿಲ ಕಡೆ ನೋಡ್ತಾಳ. ಹಾಕಿದ ತಾರೀಖು ಐದು. ಇವತ್ತು ಒಂಬತ್ತು. ಅದನ್ನು ಯೋಚಿಸುವುದಿಲ್ಲ.

ಮನೆಯ ಬಾವಿಯ ನೀರು ತಂದಿದ್ದೇನೆ, ಚೊಂಬಿನ ಬಾಯಿಗೆ ಅರಿವೆ ಕಟ್ಟಿ. ಬಾಜೂ ಕೂತ ಹೆಣ್ಣುಮಗಳು ನಗುತ್ತಾಳೆ.

"ಇಲ್ಲೇ ನಳ ಐತಲ್ಲಬೇ ಯವ್ವಾ. ಮಸ್ಕಿಯಿಂದ ಯಾರಾದ್ರೂ ನೀರು ಹೊತ್ಕೊಂಡು ಬರ್ತಾರೇನು?"

"ಒಬ್ಬಾಕಿ ಕೇಳ್ಯಾಳವ್ವಾ. ಹೋಳಿ ಹುಣ್ಣಿವಿ ದಿನ."

ಕ್ಯಾಂಪಿನ ಟೆಂಪೊ ಬಂತು. ರಸ್ತೆ ಕೆಟ್ಟಿದೆ, ತುಳುಕುತ್ತದೆ. ಚೊಂಬು ಎರಡೂ ಕೈಯಲ್ಲಿ ಹಿಡಿಯಬೇಕು, ಪೆನ್ನು —