ಅಪ್ಪನ ಕಸಬಿನ ನಂಬರು

ಚಾಮರಾಜನಗರ
೮-೯-೨೦೨೫

ಪ್ರೀತಿಯ ಸ್ವಾಮಣ್ಣಾ,

ನೀನಿರುವ ಬತ್ತೇರಿಯ ಥಂಡಿಗೆ ಮಂಡಿನೋವು ಹೇಗಿದೆ? ಅತ್ತಿಗೆಯ ಶುಗರ್ ಇಳಿಯಿತೇ? ಅವ್ವ ನನ್ನ ಮನೆಯಲ್ಲಿ ಗಟ್ಟಿಯಾಗಿದ್ದಾಳೆ. ಎಪ್ಪತ್ತಾರಾದರೂ ಅವಳನ್ನು ಅಡುಗೆಮನೆಯಿಂದ ಎಬ್ಬಿಸಿ ಹೊರಗೆ ಕೂರಿಸಲು ನನ್ನಿಂದಾಗಿಲ್ಲ.

ಫೋನಿನಲ್ಲಿ ಹೇಳಿದರೆ ನೀನು ಮಧ್ಯದಲ್ಲೇ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮಹಾಲಯ ಅಮಾವಾಸ್ಯೆಯ ದಿನ ತೆರಕಣಾಂಬಿಯ ಹೊಲದಲ್ಲಿ ಅಪ್ಪನ ಕಲ್ಲು ನಿಲ್ಲಿಸಬೇಕು, 'ಎಪ್ಪತ್ತೊಂದರ ಯುದ್ಧದಲ್ಲಿ ಫಿರಂಗಿ ಹಾರಿಸಿದ ವೀರ ಪುಟ್ಟಮಾದು' ಎಂದು ಕೆತ್ತಿಸಬೇಕು, ಸೇನೆಯ ದಾಖಲೆ ತರಿಸು ಎಂದಿದ್ದೆಯಲ್ಲ, ಬಂತು. ಅಪ್ಪ ಸಾಯುವವರೆಗೂ ನಮಗೆಲ್ಲ ಹೇಳಿದ್ದು ಫಿರಂಗಿಯ ಕಥೆಯೇ. ದಾಖಲೆಯಲ್ಲಿ ಕಸಬು ಎನ್ನುವ ಕಡೆ ಬರೀ ಎರಡಕ್ಷರ, ಮೂರಂಕಿ. ನಾನು ಪೆದ್ದಿ, ಫಿರಂಗಿಯ ನಂಬರೇ ಇರಬೇಕೆಂದು ಹೆಮ್ಮೆಪಟ್ಟೆ. ಸೇನೆಯಲ್ಲಿ ಗುಮಾಸ್ತರಾಗಿದ್ದ ಚಂದಕವಾಡಿಯ ಗುರುಮಲ್ಲಯ್ಯನವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, 'ಇದು ಅಡುಗೆಯವ್ರ ನಂಬರು ಕಣವ್ವ. ನೂರಿಪ್ಪತ್ತು ಜನಕ್ಕೆ ಮೂರೊತ್ತೂ ಬೇಯ್ಸಿ ಆಕವ್ರೆ. ಗುಂಡು ಬೀಳೋವಾಗ್ಲೂ ಒಲೆ ಆರ್ಸಲಿಲ್ಲ ಅಂತ ಮೇಲಿನೋರು ಮೆಚ್ಚಿ ಬರ್ದವ್ರೆ' ಅಂದರು.

ಅಡುಗೆ ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ ಅಣ್ಣ. ಹೊಟ್ಟೆ ಉರಿಯುವುದು ಬೇರೆಯದಕ್ಕೆ. ನಮ್ಮ ತಂಗಿ ಕುಮಾರಿ ಹುಟ್ಟಿದಾಗ ಅವ್ವ ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದಳು. ನೀನು ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿದ್ದೆ, ನಿನಗೆ ಗೊತ್ತಿಲ್ಲ. ಎಂಟು ವರ್ಷದ ನಾನು ಕೋಲು ಹಿಡಿದು ಮುದ್ದೆ ತಿರುವುತ್ತಿದ್ದೆ. ಅಪ್ಪ ಜಗಲಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದು, ಬಡಿಸಿದ ಮೇಲೆ 'ಬರೀ ಗಂಟು ಕಣಮ್ಮಿ, ನಾಯಿಗಾಕು' ಎಂದು ತಟ್ಟೆ ತಳ್ಳುತ್ತಿದ್ದ. ಗಂಡಸಿಗೆ ಒಲೆಯ ಕಷ್ಟ ಏನು ಗೊತ್ತು ಎಂದು ನಲವತ್ತು ವರ್ಷ ಅವನನ್ನು ಮನ್ನಿಸಿಕೊಂಡು ಬಂದೆ. ಎಲ್ಲ ಗೊತ್ತಿತ್ತು ಅವನಿಗೆ! ಅಂದು ಎಸರು ಚೆಲ್ಲಿ ಸುಟ್ಟ ಗುರುತು ನನ್ನ ಪಾದದ ಮೇಲೆ ಈಗಲೂ ಇದೆ.

ಕಲ್ಲಿನ ಮೇಲೆ ಫಿರಂಗಿ ಬೇಡ, ನಿಜ ಬರೆಸು. ಅತ್ತಿಗೆಗೆ ನಮಸ್ಕಾರ. ನಿನ್ನ ಮಗಳು ಬೃಂದಾಗೆ ಈ ಅತ್ತೆಯ ಒಂದು ಮುತ್ತು.

ನಿನ್ನ ತಂಗಿ,
ನಾಗಮಣಿ

ತಾ.ಕ.: ಅವ್ವನಿಗೆ ಹೇಳಬಾರದೆಂದಿದ್ದೆ. ಅದೇನು ಕಾಗದ ಎಂದು ಪಟ್ಟು ಹಿಡಿದಳು, ಹೇಳಿಬಿಟ್ಟೆ. 'ನೂರಿಪ್ಪತ್ತು ಜನಕ್ಕಾ?' ಎಂದು ಎರಡು ಸಲ ಕೇಳಿದಳು. ಪ್ರತಿ ವರ್ಷ ಅಮಾವಾಸ್ಯೆಗೆ ಉಪವಾಸವಿದ್ದು, ಮುದ್ದೆ, ಕೋಳಿಸಾರು ಮಾಡಿ ಅಪ್ಪನ ಫೋಟೋ ಮುಂದೆ ಎಡೆ ಇಡುವವಳು ಅವಳೇ ತಾನೆ. ಇವತ್ತು ಬೆಳಿಗ್ಗೆ ನಿನಗೆ ತಿಳಿಸು ಎಂದಳು: 'ಈ ಸಲ ನಾನ್ ಎಡೆ ಮಡಗಾಕಿಲ್ಲ ಕಣಮ್ಮಿ. ಅಡುಗೆ ಬರ್ತದಲ್ಲ, ನಿಮ್ಮಪ್ಪನೇ ಮಾಡ್ಕೊಂಡು ಉಣ್ಲಿ.'