ಎರಡನೆಯ ಸಾಕ್ಷಿ

ವಿಜಯಪುರ

ಅಬ್ಬಾ,

ನಿಮಗೂ ಅಮ್ಮಿಗೂ ಸಲಾಂ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಪತ್ರ.

ದೂರದ ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರವೊಂದನ್ನು ದೂರದರ್ಶಕದ ಚಿತ್ರಗಳಲ್ಲಿ ಮೊದಲು ಗುರುತಿಸಿದವಳು ನಾನು ಎಂಬುದು ನಿಜ. ಆದರೆ ನೀವು ಸಂಜೆ ಜನರನ್ನು ಮಾಳಿಗೆಗೆ ಹತ್ತಿಸಿ, ಶುಕ್ರ ಗ್ರಹ ತೋರಿಸಿ, “ನನ್ನ ಮಗಳು ಹುಡುಕಿದ ಚಿಕ್ಕಿ ಇದ ನೋಡ್ರಿ” ಎನ್ನುತ್ತೀರಂತೆ. ನನಗೆ ಶುಕ್ರನ ಗುರುತು ಹೇಳಿಕೊಟ್ಟವರೇ ನೀವು. ದಯವಿಟ್ಟು ನಿಲ್ಲಿಸಿ. ನನ್ನ ನಕ್ಷತ್ರ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಈ ಪತ್ರದ ಜೊತೆ ಅದರ ಚಿತ್ರ ಇಟ್ಟಿದ್ದೇನೆ, ಅದನ್ನೇ ತೋರಿಸಿ.

ಈದ್ ಚಂದ್ರನ ವಿಷಯದಲ್ಲಿ ನೀವು ಎಷ್ಟು ಕಟ್ಟುನಿಟ್ಟು. ಒಂದು ವರ್ಷ ಮೋಡದ ಸಂದಿಯಲ್ಲಿ ಅದು ನಮ್ಮಿಬ್ಬರಿಗಷ್ಟೇ ಕಂಡಿತ್ತು. “ಇಬ್ಬರು ಸಾಕ್ಷಿ ಬೇಕು. ನೀ ಇನ್ನೂ ಸಣ್ಣಾಕಿ, ನಿನ್ನ ಸಾಕ್ಷಿ ನಡಿಯಂಗಿಲ್ಲ” ಎಂದು ಊರಿನ ಹಬ್ಬವನ್ನೇ ಮುಂದಕ್ಕೆ ಹಾಕಿಸಿದಿರಿ. ನಮ್ಮ ಖಗೋಳ ವಿಜ್ಞಾನಿಗಳಲ್ಲೂ ಅದೇ ಪದ್ಧತಿ. ಇನ್ನೊಂದು ದೂರದರ್ಶಕಕ್ಕೂ ಕಂಡ ಮೇಲೆಯೇ ನನ್ನ ಮಾತನ್ನು ಒಪ್ಪಿದರು. ಮೊದಲು ಕಂಡವರು ಯಾರು ಎಂಬ ದಾಖಲೆಯಲ್ಲಿ ಈಗ ನನ್ನ ಹೆಸರಿದೆ.

ಈ ಸಲ ಈದ್‌ಗೆ ಮೊದಲೇ ತಿಕೋಟಾಕ್ಕೆ ಬರುತ್ತೇನೆ. ಮಾಳಿಗೆಯ ಮೇಲೆ ನಿಮ್ಮ ಪಕ್ಕ ನಿಲ್ಲುತ್ತೇನೆ. ಬೇರೆ ಸಾಕ್ಷಿಯನ್ನು ಹುಡುಕಬೇಡಿ.

ನಿಮ್ಮ
ಶಾಹಿಸ್ತಾ