ಎರಡರಿಂದ ಮೂರರವರೆಗಿನ ಆ ಹಳೆಯ ಹಾಡುಗಳು

ರೇಡಿಯೋ ಕೇಂದ್ರದ ಕಾರ್ಯಕ್ರಮ ಮುಖ್ಯಸ್ಥರಿಗೆ,

ಮಾನ್ಯರೇ,

ಮಧ್ಯಾಹ್ನ ಎರಡರಿಂದ ಮೂರು ಗಂಟೆಯವರೆಗೆ ಬರುತ್ತಿದ್ದ ಹಳೆಯ ಪಾಪ್ ಮತ್ತು ಡಾನ್ಸ್ ಹಾಡುಗಳನ್ನು ಒಂದು ಮಾತೂ ಹೇಳದೆ ಕಿತ್ತುಹಾಕಿದಿರಿ. ಸೋಮವಾರ ಇದ್ದವು, ಮಂಗಳವಾರ ಇಲ್ಲ. ಆ ಜಾಗದಲ್ಲಿ ಈಗ ಇಬ್ಬರು ಕೂತು ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಾರೆ. ನಗುವಂಥದ್ದು ಏನಿತ್ತು ಎಂದು ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಆರು ಜನ ತಲೆ ಕೆಡಿಸಿಕೊಂಡಿದ್ದೇವೆ, ಯಾರಿಗೂ ಹೊಳೆದಿಲ್ಲ.

ಈ ಲಾಂಡ್ರಿ ನಡೆಸುತ್ತಿದ್ದವಳು ನನ್ನ ಅಕ್ಕ. ಹೋದ ವರ್ಷ ಲಕ್ವ ಹೊಡೆದು ಅವಳ ಬಲಗೈ, ಬಲಗಾಲು ಸೋತವು. ಗೋಡೆಯಿಂದ ಗೋಡೆಗೆ ದಿನಾ ಇಪ್ಪತ್ತು ಸಲ ನಡೆಯಬೇಕೆಂದು ವ್ಯಾಯಾಮ ಹೇಳಿಕೊಡುವಾಕೆ ತಾಕೀತು ಮಾಡಿದರು. "ನಾನೇನು ಗಡಿಯಾರದ ಲೋಲಕಾನಾ?" ಎಂದು ಅಕ್ಕ ಕುರ್ಚಿ ಬಿಟ್ಟೇಳಲಿಲ್ಲ. ಒಂದು ಮಧ್ಯಾಹ್ನ ನಿಮ್ಮ ಕೇಂದ್ರದಲ್ಲಿ ಅವಳ ಹರೆಯದ ಕಾಲದ ಕುಣಿತದ ಹಾಡು ಬಂತು. ಇಸ್ತ್ರಿ ಮೇಜು ಹಿಡಿದು ತಾನಾಗಿ ಎದ್ದಳು. ಅಂದಿನಿಂದ ದಿನಕ್ಕೊಂದು ಗಂಟೆ ನಡಿಗೆ. ನಾಲ್ಕು ತಿಂಗಳು ತಪ್ಪಿಸಲಿಲ್ಲ.

ನೀವು ಹಾಡು ನಿಲ್ಲಿಸಿದಿರಿ, ಅವಳು ಮತ್ತೆ ಕುರ್ಚಿ ಹಿಡಿದಳು. ನಿಮ್ಮ ಕಚೇರಿಗೆ ಫೋನು ಮಾಡಿದೆ. "ಮೇಡಂ, ಆ ಹಾಡು ಕೇಳೋರಿಗೆಲ್ಲ ವಯಸ್ಸಾಯ್ತು. ಬೇಕಿದ್ರೆ ಮೊಬೈಲಲ್ಲಿ ಹಾಕ್ಕೊಳ್ಳಿ" ಎಂಬ ಉತ್ತರ ಬಂತು. ಎಂಥ ಸಂಶೋಧನೆ! ನಿಮ್ಮ ಕಚೇರಿಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲವೇ? ಭಾವ ಮೊಬೈಲಿನಲ್ಲೂ ಹಾಕಿಕೊಟ್ಟರು. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿದಳು. "ಮುಂದಿನ ಹಾಡು ಯಾವ್ದು ಅಂತ ಮೊದಲೇ ಗೊತ್ತಿದ್ರೆ ನಾನ್ಯಾಕೆ ಎದ್ದು ನಿಲ್ಲಲಿ?"

ಮೂರು ವಾರ ಕಳೆದ ಮೇಲೆ ನಾನೂ ಭಾವನೂ ರೇಡಿಯೋದ ಗುಂಡಿ ತಿರುಗಿಸುತ್ತಾ ಕೂತೆವು. ಸುದ್ದಿ, ಉಪದೇಶ, ಕೂದಲೆಣ್ಣೆಯ ಜಾಹೀರಾತು, ಬರೀ ಗೊರಗೊರ. ಕೊನೆಗೆ ಮುಳ್ಳು ಬಲತುದಿ ಮುಟ್ಟಿದಾಗ ಪಕ್ಕದ ಊರಿನ ಯಾವುದೋ ಪುಟ್ಟ ಕೇಂದ್ರ ಸಿಕ್ಕಿತು. ಅದೇ ಕಾಲದ ಹಾಡುಗಳು! ಆದರೆ ಕೋಣೆಯಲ್ಲಿ ಪದ ತಿಳಿಯದು. ಹನ್ನೊಂದು ಮೆಟ್ಟಿಲು ಹತ್ತಿ ಮಹಡಿಯ ಕಿಟಕಿಯಲ್ಲಿಟ್ಟರೆ ಸ್ಪಷ್ಟ. ಆ ದನಿಯನ್ನು ಕೆಳಗೆ ತರಲು ಏರಿಯಲ್‌ಗೊಂದು ತಂತಿ ಹುಡುಕುತ್ತಿದ್ದೆ.

"ರೇಡಿಯೋ ಅಲ್ಲೇ ಇರ್ಲಿ ಕಣೇ, ನಾನೇ ಬರ್ತೀನಿ" ಎಂದಳು ಅಕ್ಕ.

ಹತ್ತಿ ಮುಗಿಯುವಷ್ಟರಲ್ಲಿ ಮೂರು ಹಾಡು ಆಗಿದ್ದವು. ಕಿಟಕಿಯ ಸರಳು ಹಿಡಿದು, ಬೆವರುತ್ತಾ, ಸೊಂಟ ಆಡಿಸಿದಳು. ಹಿಂದೆಯೇ ಕೈಚಾಚಿ ನಿಂತಿದ್ದ ಭಾವ ಕೇಳಿದರು, "ಇಳಿಯೋದು ಹೇಗೆ ಮಾರಾಯ್ತಿ?"

"ಹಾಡು ಮುಗೀಲಿ, ಆಮೇಲೆ ನೋಡೋಣ."

ಈಗ ದಿನಾ ಹತ್ತುತ್ತಾಳೆ. ದಯವಿಟ್ಟು ಇದನ್ನು ನಿಮ್ಮ ಸಾಧನೆಗಳ ಪಟ್ಟಿಗೆ ಸೇರಿಸಿಕೊಳ್ಳಬೇಡಿ. ಎಲ್ಲರ ಮನೆಯಲ್ಲೂ ಮೆಟ್ಟಿಲಿರುವುದಿಲ್ಲ, ಹಿಂದೆ ಕೈಚಾಚಿ ನಿಲ್ಲುವವರೂ ಇರುವುದಿಲ್ಲ. ಅಂಥವರ ಮಧ್ಯಾಹ್ನದ ಆ ಒಂದು ಗಂಟೆಯನ್ನು ಕಿತ್ತುಕೊಳ್ಳುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?

ಹದಿನೈದು ದಿನದೊಳಗೆ ಆ ಹಾಡುಗಳನ್ನು ಹಿಂತಿರುಗಿಸಿ. ಆಗದಿದ್ದರೆ, ಏಕಾಗದೆಂದು ನೀವೇ ಮೈಕಿನ ಮುಂದೆ ಕೂತು ಹೇಳಿ. ಇದು ವಿನಂತಿಯಲ್ಲ. ನಮ್ಮ ಬೀದಿಯ ನಲವತ್ತಮೂರು ಜನ ಸಹಿ ಹಾಕಿದ್ದಾರೆ. ಮೊದಲನೆಯದು ಅಕ್ಕನದು, ಬಲಗೈಯಲ್ಲೇ ಹಾಕಿದ್ದು. ಸೊಟ್ಟಗಿದೆ, ಆದರೆ ಓದಲು ಬರುತ್ತದೆ.

ಇಂತಿ,
ಸದ್ಯಕ್ಕೆ ಪಕ್ಕದ ಊರಿನ ಕೇಂದ್ರಕ್ಕೆ ಕಿವಿಗೊಟ್ಟಿರುವ,
ಲಾಂಡ್ರಿಯವಳ ತಂಗಿ